ಹರಳುಗಲ್ಲಿನ ಹಾಸಿಗೆ

ಹೊಸಪೇಟೆಯಿಂದ ಗದಗಿನ ಕಡೆಗೆ ಸಾಗುವ ರೈಲುಗಾಡಿ ತುಂಗಭದ್ರೆಯ ಸೇತುವೆಯನ್ನು ದಾಟಿ, ಮುನಿರಾಬಾದನ್ನು ಹಿಂದಿಕ್ಕಿ, ಗಿಣಿಗೇರಾದ ಸಮೀಪಕ್ಕೆ ಬಂದಿತೆಂದರೆ ಕಣ್ಣಿಗೆ ಬೀಳುವ ನೋಟವೇ ಬೇರೆಯಾಗುತ್ತದೆ. ಅಣೆಕಟ್ಟಿನ ನೀರು, ಕಾಲುವೆಯ ಬದಿಯ ಬತ್ತದ ಹಸಿರು ಎಲ್ಲವೂ ಹಿಂದೆ ಉಳಿಯುತ್ತವೆ. ಒಂದೆಡೆ ಯಾರೋ ಉಂಡೆಗಲ್ಲುಗಳನ್ನು ಪೇರಿಸಿಟ್ಟಂತೆ ತೋರುವ ಬೋಳುಗುಡ್ಡಗಳು. ಇನ್ನೊಂದೆಡೆ ಮಳೆಯನ್ನೇ ನಂಬಿ ಜೋಳ ಸಜ್ಜೆಗಳನ್ನು ಬೆಳೆಯುವ ಹೊಲಗಳು. ನಡುನಡುವೆ ಪಡಬಿದ್ದ ಕೆಂಪು ಗರಸಿನ ನೆಲ. ಈಚಿನ ದಶಕಗಳಲ್ಲಿ ಉಕ್ಕಿನ ಕಾರ್ಖಾನೆಗಳ ಕೊಳವೆಗಳೂ ಈ ನೋಟದಲ್ಲಿ ಸೇರಿಕೊಂಡಿವೆ. ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ಆ ಗರಸಿನ ನೆಲ ಬರಿಯ ಬಯಲು. ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟದು, ಇನ್ನು ಜೀವಿಗಳೆಲ್ಲಿ ಬಂದಾವು ಎಂದೇ ಅವನು ಭಾವಿಸುತ್ತಾನೆ.

ಆದರೆ ಆ ನೆಲ ಬರಿದಲ್ಲ. ಅಂತಹ ಕೆಂಪು ಗರಸಿನ ದಿಬ್ಬದ ಇಳಿಜಾರಿನಲ್ಲಿ ಒಂದೆರಡು ಬೆರಳು ಹಿಡಿಸುವಷ್ಟು ಬಾಯುಳ್ಳ ಬಿಲವೊಂದಿದ್ದು, ಅದರ ಮುಂದೆ ಒಂದೇ ಅಳತೆಯ ಸಣ್ಣ ಹರಳುಗಲ್ಲುಗಳು ಗುಪ್ಪೆಯಾಗಿ ಬಿದ್ದಿದ್ದರೆ, ಅದು ಮಕ್ಕಳ ಆಟವೂ ಅಲ್ಲ, ಮಳೆನೀರಿನ ಕೆಲಸವೂ ಅಲ್ಲ. ಅದು ಒಂದು ಪುಟ್ಟ ಕಾಡಿಲಿಯ ಮನೆಯ ಗುರುತು.

ಮರುಭೂಮಿಯೆಂದೊಡನೆ ನಮಗೆ ನೆನಪಾಗುವುದು ರಾಜಸ್ಥಾನದ ಮರಳುದಿಬ್ಬ. ಆ ಅರ್ಥದಲ್ಲಿ ಕೊಪ್ಪಳದ ಸೀಮೆ ಮರುಭೂಮಿಯಲ್ಲ. ಸಹ್ಯಾದ್ರಿಯು ಮುಂಗಾರನ್ನು ತಡೆಹಿಡಿದುಕೊಂಡ ಮೇಲೆ ಉಳಿದ ಮೋಡಗಳು ಇಲ್ಲಿಗೆ ತರುವುದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ನೆಚ್ಚುವಂತಹದಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಂಡೆಗಳು ಕಾದ ಹಂಚಿನಂತಾಗುತ್ತವೆ. ಮನುಷ್ಯನಿಗೆ ಬಾವಿಯುಂಟು, ದನಕ್ಕೆ ತೊಟ್ಟಿಯುಂಟು. ಒಂದು ಹಿಡಿಯೊಳಗೆ ಅಡಗುವ ಪ್ರಾಣಿಗೆ ಮಾತ್ರ ಆ ಮೂರು ತಿಂಗಳು ಸಾಕ್ಷಾತ್ ಮರುಭೂಮಿಯೇ. ಅಂತಹ ನೆಲವನ್ನೇ ಆರಿಸಿಕೊಂಡು ಬಾಳುವ ಈ ಇಲಿಯ ಸಂಸಾರವು ತಿಳಿಯತಕ್ಕ ಸಂಗತಿಯಾಗಿದೆ.

ಮೈತುಂಬ ಚಪ್ಪಟೆ ಮುಳ್ಳು

ಶಾಸ್ತ್ರಜ್ಞರು ಇದನ್ನು ಮಸ್ ಪ್ಲಾಟಿಥ್ರಿಕ್ಸ್ ಎಂದು ಕರೆಯುತ್ತಾರೆ. ‘ಪ್ಲಾಟಿಥ್ರಿಕ್ಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಚಪ್ಪಟೆ ಕೂದಲು. 1832ರಲ್ಲಿ ಬೆನೆಟ್ ಎಂಬ ಆಂಗ್ಲ ವಿದ್ವಾಂಸನು ಈ ಹೆಸರನ್ನು ಕೊಟ್ಟನು. ಕನ್ನಡದಲ್ಲಿ ಇದನ್ನು ‘ಕಲ್ಲಿಲಿ’ ಎಂದರೆ ತಪ್ಪಾಗಲಾರದು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದರೆ ಸುಮಾರು ಹತ್ತು ಸೆಂಟಿಮೀಟರು. ಬಾಲವು ಅದಕ್ಕಿಂತ ಗಿಡ್ಡ. ಬೆನ್ನು ಕಂದು, ಹೊಟ್ಟೆ ಬಿಳುಪು. ದೂರದಿಂದ ನೋಡಿದವರು ಅಡುಗೆಮನೆಯ ಚಿಟ್ಟಿಲಿಯೇ ದಾರಿ ತಪ್ಪಿ ಬಯಲಿಗೆ ಬಂದಿತೆಂದು ತಿಳಿದಾರು. ಆದರೆ ಬೆನ್ನಿನ ಮೇಲೆ ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳಾಡಿಸಿದರೆ ವ್ಯತ್ಯಾಸ ಒಡನೆಯೇ ತಿಳಿಯುತ್ತದೆ. ಅದರ ರೋಮಗಳಲ್ಲಿ ಬಹಳಷ್ಟು ಚಪ್ಪಟೆಯಾಗಿ ಬಿರುಸಾಗಿ ಮುಳ್ಳುಗಳಾಗಿವೆ.

ಮನೆಯ ಇಲಿಗೂ ಇದಕ್ಕೂ ಇರುವ ನಂಟು ಹೊರಗಣ್ಣಿಗೆ ಕಾಣುವಷ್ಟು ಹತ್ತಿರದ್ದಲ್ಲ. ಮನೆಯ ಚಿಟ್ಟಿಲಿಯ ಜೀವಕೋಶದಲ್ಲಿ 40 ವರ್ಣತಂತುಗಳಿದ್ದರೆ ಕಲ್ಲಿಲಿಯಲ್ಲಿರುವುದು 26. ಒಂದೇ ಕುಲದವಾದರೂ ಇವುಗಳ ಹಾದಿಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಅಗಲಿದುವು. ಒಂದು ಮನುಷ್ಯನ ಬೆನ್ನುಹತ್ತಿ ಅವನ ಕಣಜ, ಹಡಗು, ಪೇಟೆಗಳನ್ನು ಸೇರಿ ಲೋಕವನ್ನೆಲ್ಲ ಸುತ್ತಿತು. ಇನ್ನೊಂದು ದಕ್ಷಿಣ ಭಾರತದ ಕಲ್ಲುನೆಲವನ್ನು ಬಿಟ್ಟು ಕದಲಲಿಲ್ಲ.

ಬಾಗಿಲಿಗೂ ಕಲ್ಲು, ಹಾಸಿಗೆಗೂ ಕಲ್ಲು

ಕಲ್ಲಿಲಿಯ ಮನೆಗಟ್ಟುವ ಬಗೆಯನ್ನು ಮೊದಲು ವಿವರವಾಗಿ ಬರೆದವನು ವಾಲ್ಟರ್ ಎಲಿಯಟ್. ಧಾರವಾಡದ ಸೀಮೆಯಲ್ಲಿ ಕಂಪನಿ ಸರ್ಕಾರದ ನೌಕರಿಯಲ್ಲಿದ್ದಾಗ ಆತನು ಕಂಡ ಪ್ರಾಣಿಗಳ ಪಟ್ಟಿಯೊಂದು 1839ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಇಲಿಯ ಸಂಗತಿ ಇದೆ.

ಎಲಿಯಟ್ಟನು ಹೇಳುವಂತೆ ಕಲ್ಲಿಲಿಯ ವಾಸವೆಲ್ಲ ಕೆಂಪು ಗರಸಿನ ನೆಲದಲ್ಲಿ. ಬಿಲ ಹೆಚ್ಚು ಆಳವಿಲ್ಲ. ಸಾಮಾನ್ಯವಾಗಿ ದಿಬ್ಬದ ಮಗ್ಗುಲಲ್ಲಿರುತ್ತದೆ. ಇಲಿಯು ಒಳಗಿರುವಾಗ ಬಾಗಿಲನ್ನು ಹರಳುಗಲ್ಲುಗಳಿಂದ ಮುಚ್ಚಿಕೊಳ್ಳುತ್ತದೆ. ಹೊರಗೂ ಕೆಲವು ಹರಳುಗಳ ರಾಶಿ ಇರುವುದರಿಂದ ಬಲ್ಲವರು ಮನೆಯನ್ನು ಗುರುತಿಸಬಲ್ಲರು. ಬಿಲದ ಹಾದಿ ಒಂದು ಕೋಣೆಗೆ ಹೋಗಿ ಮುಟ್ಟುತ್ತದೆ. ಬೇರೆ ಇಲಿಗಳಾದರೆ ಅಲ್ಲಿ ಹುಲ್ಲು, ಎಲೆ, ಅರಿವೆಯ ಚೂರುಗಳನ್ನು ಹಾಸಿ ಮೆತ್ತನೆಯ ಗೂಡು ಮಾಡುತ್ತವೆ. ಕಲ್ಲಿಲಿ ಹಾಸಿಕೊಳ್ಳುವುದು ಅದೇ ಹರಳುಗಲ್ಲನ್ನು! ಹೊಟ್ಟೆಯ ದಟ್ಟವಾದ ರೋಮವೇ ಅದನ್ನು ಕಲ್ಲಿನ ತಣ್ಪು ಮತ್ತು ಒರಟುತನಗಳಿಂದ ಕಾಪಾಡುತ್ತದೆಂದು ಎಲಿಯಟ್ಟನು ಊಹಿಸಿದನು.

ಆತನು ಅಗೆಸಿ ನೋಡಿದ ಒಂದು ಬಿಲದಲ್ಲಿ ಎರಡು ಜೋಡಿಗಳಿದ್ದುವು. ಒಂದು ತಂದೆತಾಯಿಯರ ಜೋಡಿ. ಇನ್ನೊಂದು ಮುಕ್ಕಾಲುಪಾಲು ಬೆಳೆದ ಮರಿಗಳ ಜೋಡಿ. ಬಿಲದ ಬಾಯಿ ದೊಡ್ಡದಾಗಿದ್ದರೂ ಸಣ್ಣ ಕಲ್ಲುಗಳಿಂದ ಪೂರ್ತಿ ಮುಚ್ಚಿಹೋಗಿತ್ತು. ಒಳಗೆ ಹಿರಿಯರಿಬ್ಬರೂ ಹರಳಿನ ಹಾಸಿಗೆಯ ಮೇಲೆ ಕುಳಿತಿದ್ದರು. ಅದಕ್ಕಿಂತ ತುಸು ಮೇಲಿನ ಮಟ್ಟದಲ್ಲಿ ಇನ್ನೊಂದು ಕಲ್ಲಿನ ಹಾಸಿತ್ತು. ಅದು ತೇವ ತಗಲದ ಬೆಚ್ಚನೆಯ ಜಾಗವಾಗಿರಬೇಕೆಂದು ಎಲಿಯಟ್ಟನಿಗೆ ತೋರಿತು. ಮರಿಗಳು ಪಕ್ಕದ ಓಣಿಯೊಂದರಲ್ಲಿದ್ದುವು. ಅವಕ್ಕೂ ತಮ್ಮದೇ ಕಲ್ಲಿನ ಗುಪ್ಪೆ. ಒಂದೇ ಹೆಬ್ಬಾಗಿಲು, ಹಿರಿಯರಿಗೊಂದು ನಡುಮನೆ, ಮಕ್ಕಳಿಗೊಂದು ಕೋಣೆ, ಮಳೆಗಾಲಕ್ಕೊಂದು ಅಟ್ಟ — ಪೇಟೆಯ ಬಾಡಿಗೆ ಮನೆಗಳಲ್ಲಿ ಇಷ್ಟು ಅನುಕೂಲ ಸಿಗುವುದು ಅಪರೂಪವೆಂದು ಗೃಹಿಣಿಯರು ನಕ್ಕಾರು.

ಹಗಲೆಲ್ಲ ಈ ಮನೆಯೊಳಗೆ ವಾಸ. ಹೊರಗಿನ ಓಡಾಟವೆಲ್ಲ ರಾತ್ರಿ. ಬೀಜ ಚಿಗುರುಗಳೇ ಮುಖ್ಯವಾದ ಆಹಾರವೆಂದು ಎಲಿಯಟ್ಟನಿಗೆ ತೋರಿತ್ತು. ಗಂಡು ಹೆಣ್ಣುಗಳು ಜೊತೆಯಾಗಿಯೇ ಸಂಸಾರ ನಡೆಸುತ್ತವೆಂದೂ ಆತನು ಬರೆದನು.

ಕಿತ್ತೂರಿನ ಸೆರೆಯಾಳು

ಈ ಎಲಿಯಟ್ ಯಾರು? 1803ರಲ್ಲಿ ಹುಟ್ಟಿದ ಈ ಸ್ಕಾಟ್ಲೆಂಡಿನವನು ಹದಿಹರೆಯದಲ್ಲಿಯೇ ಭಾರತಕ್ಕೆ ಬಂದನು. ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಕೆಳಗಿನ ತರುಣ ಅಧಿಕಾರಿಯಾಗಿ 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿದ್ದನು. ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದ ಸಂಗತಿ ಕನ್ನಡಿಗರೆಲ್ಲರಿಗೂ ತಿಳಿದದ್ದು. ಅಂದು ಕಿತ್ತೂರಿನವರಿಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಈ ಎಲಿಯಟ್ ಒಬ್ಬನು. ಕೆಲವು ವಾರಗಳ ಅನಂತರ ಬಿಡುಗಡೆಯಾದ ಆತನು ಆ ಸೀಮೆಯಲ್ಲಿಯೇ 1833ರವರೆಗೆ ಕೆಲಸ ಮಾಡಿದನು.

ಆಳುವವರ ಕಡೆಯವನಾದರೂ ಎಲಿಯಟ್ಟನಿಗೆ ನೆಲವನ್ನು ಓದುವ ಕುತೂಹಲವಿತ್ತು. ಊರೂರು ಅಲೆದು ಕನ್ನಡ ನಾಡಿನ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿದನು. ಚಾಲುಕ್ಯರ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಬರೆಯಲು ತೊಡಗಿದ ಮೊದಲಿಗರಲ್ಲಿ ಆತನೂ ಒಬ್ಬ. ಕಲ್ಲಿನ ಮೇಲಿನ ಅಕ್ಷರವನ್ನು ಹುಡುಕಿದ ಕಣ್ಣೇ ಕಲ್ಲಿನ ಕೆಳಗಿನ ಇಲಿಯನ್ನೂ ಕಂಡಿತು.

ಆದರೆ ಕಂಡದ್ದು ಆತನೊಬ್ಬನೇ ಅಲ್ಲ. ಆತನಿಗೆ ತೋರಿಸಿಕೊಟ್ಟವರು ಬೇರೆ ಇದ್ದರು. ಕೆರೆ ತೋಡುವುದು, ಮಣ್ಣು ಹೊರುವುದು, ಬಂಡೆ ಸೀಳುವುದು ಇವೇ ಕಾಯಕವಾಗಿದ್ದ ವಡ್ಡರು, ಇಂದು ಭೋವಿಗಳೆಂದು ಹೆಸರಾದವರು, ನೆಲದೊಳಗಿನ ಜೀವಿಗಳನ್ನೆಲ್ಲ ಬಲ್ಲವರಾಗಿದ್ದರು. ಬಿಲದ ಬಾಯನ್ನು ನೋಡಿ ಒಳಗಿರುವುದು ಯಾವ ಇಲಿಯೆಂದು ಹೇಳುವ ಜಾಣ್ಮೆ ಅವರದು. ಬಡತನದ ದಿನಗಳಲ್ಲಿ ಹೊಲದ ಹೆಗ್ಗಣಗಳು ಬಿಲದಲ್ಲಿ ಕೂಡಿಟ್ಟ ಕಾಳನ್ನು ತೋಡಿ ತೆಗೆದು ಅವರು ಹೊಟ್ಟೆ ಹೊರೆದುದೂ ಉಂಟು. ಅವರ ಬಾಯಲ್ಲಿ ಕಲ್ಲಿಲಿಯ ಹೆಸರು ‘ಲೆಗ್ಗಡೆ’. ಮೆತ್ತನೆಯ ರೋಮದ ಹೊಲದ ಇಲಿ ‘ಮೆಟ್ಟಡೆ’. ಪೊದೆಯಲ್ಲಿ ವಾಸಿಸುವ ಇನ್ನೊಂದರ ಕನ್ನಡ ಹೆಸರು ‘ಗುಳಂದಿ’ಯೆಂದು ಎಲಿಯಟ್ಟನು ಬರೆದುಕೊಂಡನು.

ಮುಂದೆ ನಡೆದುದು ಸ್ವಾರಸ್ಯವಾಗಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನು 1837ರಲ್ಲಿ ಈ ಇಲಿಗಳಿಗೆ ಶಾಸ್ತ್ರೀಯ ನಾಮಗಳನ್ನು ಕೊಡುವಾಗ ಲ್ಯಾಟಿನ್ನಿನ ಕೋಶವನ್ನು ಹುಡುಕುವುದಕ್ಕೆ ಬದಲಾಗಿ ಈ ಹೆಸರುಗಳನ್ನೇ ಎತ್ತಿಕೊಂಡನು. ಲೆಗ್ಗಡೆಯಿಂದ ‘ಲೆಗ್ಗಡ’ ಎಂಬ ಕುಲನಾಮವಾಯಿತು; ಗುಳಂದಿಯಿಂದ ‘ಗೊಲುಂಡ’; ಮೆಟ್ಟಡೆಯಿಂದ ‘ಮೆಲ್ಟಡ’. ಲೆಗ್ಗಡವೆಂಬ ಕುಲವನ್ನು ಅನಂತರದ ಶಾಸ್ತ್ರಜ್ಞರು ಮಸ್ ಕುಲದೊಳಗೆ ಸೇರಿಸಿಬಿಟ್ಟರು. ಗೊಲುಂಡ, ಮೆಲ್ಟಡ ಎಂಬ ಹೆಸರುಗಳು ಇಂದಿಗೂ ಲೋಕದ ಎಲ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಉಳಿದಿವೆ. ಪಿಕಾಸಿ ಹಿಡಿದ ಕೈಗಳು ಶಾಸ್ತ್ರಕ್ಕೆ ಕೊಟ್ಟ ಈ ಕೊಡುಗೆಯು ನೆನೆಯತಕ್ಕದ್ದು.

1826ರ ಪಾಠ

‘ಇಲಿಯೆಂದರೆ ಇಲಿ, ಅದರಲ್ಲಿ ಲೆಗ್ಗಡೆಯೇನು, ಮೆಟ್ಟಡೆಯೇನು?’ ಎಂದು ಕೇಳುವವರಿರಬಹುದು. ಈ ವಿವೇಚನೆ ಒಕ್ಕಲಿಗನಿಗೆ ಹೊಟ್ಟೆಯ ಪ್ರಶ್ನೆಯೇ ಆಗಿತ್ತೆಂಬುದಕ್ಕೆ ಎಲಿಯಟ್ಟನೇ ಒಂದು ಘಟನೆಯನ್ನು ದಾಖಲೆ ಮಾಡಿದ್ದಾನೆ.

ಮೆಟ್ಟಡೆ ಎರೆಹೊಲದ ಇಲಿ. ಅದು ಶ್ರಮಪಟ್ಟು ಬಿಲ ತೋಡುವುದಿಲ್ಲ. ಪೊದೆಯ ಬುಡ, ಹೊಲದ ಬದುವಿನ ಕಲ್ಲುರಾಶಿ, ಬೇರೆ ಇಲಿಗಳು ಬಿಟ್ಟುಹೋದ ಬಿಲ ಯಾವುದಾದರೂ ಅದಕ್ಕೆ ಸರಿಯೇ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಆಳವಾದ ಬಿರುಕುಗಳಾದಾಗ ಅವುಗಳಲ್ಲಿಯೇ ಸಂಸಾರ ಹೂಡುತ್ತದೆ. ಮುಂಗಾರಿನ ಮೊದಲ ಮಳೆಗಳು ಬಲವಾಗಿ ಬಿದ್ದರೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡು ಅಸಂಖ್ಯ ಇಲಿಗಳು ಅಲ್ಲಿಯೇ ಸಾಯುತ್ತವೆ. ಹೀಗೆ ಮಳೆಯೇ ಅವುಗಳ ಲೆಕ್ಕವನ್ನು ವರ್ಷವರ್ಷವೂ ಸರಿತೂಗಿಸುತ್ತದೆ.

1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ, ಮೆಟ್ಟಡೆಗಳು ಸಾಯಲಿಲ್ಲ. ಒಂದೊಂದು ಸೂಲಿಗೆ ಆರೆಂಟು ಮರಿ ಹಾಕುವ ಪ್ರಾಣಿ ಮಿತಿಮೀರಿ ಬೆಳೆಯಿತು. ಬಿತ್ತಿದ ಬೀಜವನ್ನು ಬಿತ್ತಿದೊಡನೆ ತಿಂದುವು. ಹೇಗೋ ಉಳಿದು ತೆನೆಗಟ್ಟಿದ ಜೋಳದ ದಂಟನ್ನು ಹತ್ತಿ ತೆನೆಯನ್ನೇ ಕತ್ತರಿಸಿ ಕೆಳಕ್ಕೆ ಕೆಡವಿದುವು. ಹೊಲಕ್ಕೆ ಹೊಲವೇ ಹಾಳಾಗಿ, ರೈತರು ಕಂದಾಯ ಕಟ್ಟಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ ವಡ್ಡರನ್ನು ಕರೆಸಿದರು. ಸಾವಿರ ಸಾವಿರ ಇಲಿಗಳು ಸತ್ತರೂ ಅವುಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲವೆಂದು ಎಲಿಯಟ್ಟನು ಬರೆದನು.

ಆ ವರ್ಷದ ಅನರ್ಥಕ್ಕೆ ಕಾರಣವಾದುದು ಎರೆನೆಲದ ಮೆಟ್ಟಡೆಯೇ ಹೊರತು ಕೆಂಪು ಗರಸಿನ ಲೆಗ್ಗಡೆಯಲ್ಲ. ಎರಡು ಇಲಿಗಳು, ಎರಡು ನೆಲಗಳು, ಎರಡು ಬಾಳುವೆಗಳು. ಈ ಭೇದವನ್ನು ಅರಿತವನು ಯಾವ ಬಿಲವನ್ನು ತೋಡಬೇಕು, ಯಾವುದನ್ನು ಬಿಡಬೇಕೆಂದು ತಿಳಿದಿದ್ದನು. ಇಂದು ವಿಷದ ಕಾಳನ್ನು ಚೆಲ್ಲುವ ಕೈಗೆ ಆ ವಿವೇಚನೆ ಇರುವುದಿಲ್ಲ. ವಿಷ ಇಲಿಯ ಜಾತಿಯನ್ನು ಕೇಳುವುದಿಲ್ಲ. ವಿಷ ತಿಂದ ಇಲಿಯನ್ನು ಹಿಡಿದು ತಿಂದ ಗೂಬೆಗೂ ಅದು ಕೇಡು ಮಾಡಬಲ್ಲುದು. ಇಲಿಗಳನ್ನೇ ನಂಬಿ ಬಾಳುವ ಗೂಬೆಯೊಂದು ಸತ್ತರೆ, ಮುಂದಿನ ಸುಗ್ಗಿಯಲ್ಲಿ ಲಾಭ ಹೊಂದುವುದು ಮೆಟ್ಟಡೆಯೇ ಅಲ್ಲವೆ?

ನೀರಿಲ್ಲದ ನೆಲದಲ್ಲಿ

ಸಣ್ಣ ದೇಹಕ್ಕೆ ಬಿಸಿಲು ದೊಡ್ಡ ಶತ್ರು. ತೂಕಕ್ಕೆ ಹೋಲಿಸಿದರೆ ಇಲಿಯ ಮೈಯ ಹೊರಭಾಗ ಬಹಳ ಹೆಚ್ಚು; ಆದುದರಿಂದ ಅದು ಬೇಗ ಕಾಯುತ್ತದೆ. ಮನುಷ್ಯನಂತೆ ಮೈತುಂಬ ಬೆವರಿ ತಣಿಯಬೇಕಾದರೆ ಸ್ವಲ್ಪ ಹೊತ್ತಿನಲ್ಲಿಯೇ ಅದರ ದೇಹದ ನೀರೆಲ್ಲ ತೀರಿಹೋದೀತು. ಒಣನಾಡಿನ ಇಲಿಗಳು ಈ ಗಂಡಾಂತರವನ್ನು ಬಿಲದಿಂದಲೇ ಗೆದ್ದಿವೆ. ಮೇಲಿನ ನೆಲ ಸುಡುತ್ತಿರುವಾಗಲೂ ಕೆಲವು ಅಡಿಗಳ ಕೆಳಗೆ ತಣ್ಪು ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ಬಾಗಿಲು ಮುಚ್ಚಿದ್ದರೆ ಉಸಿರಿನೊಡನೆ ಹೊರಬಿದ್ದ ತೇವವೂ ಒಳಗೇ ಸುಳಿದಾಡುತ್ತದೆ.

ನೀರಿನ ಮಾತಂತೂ ಇನ್ನೂ ಸೋಜಿಗದ್ದು. ಥಾರ್ ಮರುಭೂಮಿಯ ಮರಳಿಲಿಯು ತಿಂಗಳುಗಟ್ಟಲೆ ನೀರು ಕುಡಿಯದೆ ಬಾಳುತ್ತದೆ. ಜೋಧಪುರದ ಒಣನಾಡು ಸಂಶೋಧನ ಸಂಸ್ಥೆಯ ಈಶ್ವರ ಪ್ರಕಾಶರು ಅಂತಹ ಇಲಿಗಳ ಅಧ್ಯಯನಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟರು. ಇದರ ಗುಟ್ಟು ಕಾಳಿನಲ್ಲಿದೆ. ಕಾಳಿನ ಹಿಟ್ಟಿನಂಶ ದೇಹದೊಳಗೆ ಉರಿದು ಶಕ್ತಿಯಾಗುವಾಗ ಹೊಸದಾಗಿ ನೀರು ಹುಟ್ಟುತ್ತದೆ. 100 ಗ್ರಾಂ ಹಿಟ್ಟಿನಂಶಕ್ಕೆ ಸುಮಾರು 55 ಗ್ರಾಂ ನೀರು. ನಮ್ಮ ದೇಹದಲ್ಲಿಯೂ ಹೀಗೆಯೇ ನಡೆಯುತ್ತದೆ. ಆದರೆ ನಾವು ದುಂದುಗಾರರು, ಮರಳಿಲಿಯು ಜಿಪುಣ. ಅದರ ಮೂತ್ರಪಿಂಡಗಳು ನೀರನ್ನು ಹಿಂಡಿ ಹಿಂದಕ್ಕೆ ಪಡೆದು, ಅತ್ಯಲ್ಪವಾದ ಗಟ್ಟಿ ಮೂತ್ರವನ್ನು ಮಾತ್ರ ಹೊರಬಿಡುತ್ತವೆ.

ಕಡಲಾಚೆಯ ನೆಂಟ

ಕಲ್ಲು ಕೂಡಿಹಾಕುವ ಅಭ್ಯಾಸ ನಮ್ಮ ಕಲ್ಲಿಲಿಗೆ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಆಸ್ಟ್ರೇಲಿಯದ ಪಶ್ಚಿಮಭಾಗದಲ್ಲಿ ಪಿಲ್ಬಾರಾ ಎಂಬ ಒಣ ಪ್ರದೇಶವಿದೆ. ಗಿಣಿಗೇರಾದಂತೆ ಅಲ್ಲಿಯೂ ಕಬ್ಬಿಣದ ಮಾತೇ ಮಾತು. ಲೋಕಕ್ಕೆಲ್ಲ ಅದಿರು ಕಳುಹಿಸುವ ಗಣಿಗಳ ಸೀಮೆಯದು. ಅಲ್ಲಿ 12 ಗ್ರಾಂ ಆಸುಪಾಸು ತೂಗುವ ಇಲಿಯೊಂದು ತನ್ನ ತೂಕದ ಅರ್ಧದವರೆಗಿನ ಕಲ್ಲನ್ನು ಬಾಯಲ್ಲಿ ಕಚ್ಚಿ ತಂದು, ಮುಂಗಾಲಿನಿಂದ ಸರಿಪಡಿಸಿ, ಬಿಲದ ಸುತ್ತ ದೊಡ್ಡ ಗುಪ್ಪೆ ಕಟ್ಟುತ್ತದೆ. ಕೆಲವು ಗುಪ್ಪೆಗಳು ಒಂದು ಸಣ್ಣ ಕೋಣೆಯಷ್ಟು ಹರಡಿಕೊಂಡಿರುತ್ತವೆ. ಅಜ್ಜ ಕಟ್ಟಿದ ಗುಪ್ಪೆಗೆ ಮೊಮ್ಮಕ್ಕಳು ಕಲ್ಲು ಸೇರಿಸುತ್ತ ಹೋಗುತ್ತಾರೆ. ಶಾಸ್ತ್ರಜ್ಞರು ಈ ಇಲಿಗೆ ಹೆಸರಿಟ್ಟುದು 1980ರಲ್ಲಿ ಮಾತ್ರ. ಎಲಿಯಟ್ಟನು ನಮ್ಮ ಕಲ್ಲಿಲಿಯ ವರ್ತಮಾನವನ್ನು ಬರೆದು ಆಗಲೇ 141 ವರ್ಷಗಳಾಗಿದ್ದುವು.

ಈ ಎರಡು ಇಲಿಗಳದು ಬಹು ದೂರದ ನಂಟು. ಒಂದನ್ನು ನೋಡಿ ಇನ್ನೊಂದು ಕಲಿಯಲಿಲ್ಲ. ಒಂದೇ ಬಗೆಯ ಕಷ್ಟ ಒದಗಿದಾಗ ಪ್ರಕೃತಿಯು ಎರಡು ಖಂಡಗಳಲ್ಲಿ ಒಂದೇ ಬಗೆಯ ಪರಿಹಾರವನ್ನು ಕಂಡುಕೊಂಡಿತು. ಕಲ್ಲಿನಿಂದ ದೊರೆಯುವ ಪ್ರಯೋಜನವೇನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಹಲವು ಮತಗಳಿವೆ. ತೇವವನ್ನು ದೂರವಿಡುವುದಕ್ಕೆ ಎನ್ನುವವರಿದ್ದಾರೆ. ಬಿಸಿಲು ಚಳಿಗಳ ಏರಿಳಿತವನ್ನು ತಗ್ಗಿಸುವುದಕ್ಕೆ ಎನ್ನುವವರಿದ್ದಾರೆ. ಹಾವಿನಂತಹ ಹಗೆಗಳನ್ನು ತಡೆಯುವುದಕ್ಕೆ ಎನ್ನುವವರೂ ಇದ್ದಾರೆ. ಹುಲ್ಲಿಗೂ ಬಡತನವಿರುವ ನೆಲದಲ್ಲಿ ಕೊರತೆಯಿಲ್ಲದೆ ದೊರೆಯುವ ಸಾಮಗ್ರಿಯೆಂದರೆ ಕಲ್ಲೊಂದೇ ಎಂಬುದಂತೂ ದಿಟ.

ಪಿಲ್ಬಾರಾದಲ್ಲಿ ಹೊಸ ಗಣಿ ತೋಡುವ ಮುನ್ನ ನಡೆಸುವ ಪರಿಸರ ಸಮೀಕ್ಷೆಗಳಲ್ಲಿ ಈ ಗುಪ್ಪೆಗಳನ್ನು ಹುಡುಕಿ ಗುರುತುಹಾಕಿಕೊಳ್ಳುತ್ತಾರೆ. ಇಲಿಯ ಮನೆಯೂ ಲೆಕ್ಕಕ್ಕೆ ಸೇರಿತು!

ಪಡನೆಲದ ಬೆಲೆ

ನಮ್ಮಲ್ಲಿ ಇಲಿಗೆ ಅಂತಹ ಗೌರವ ದೊರೆತಿಲ್ಲ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಐದನೆಯ ಪಟ್ಟಿಯಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿಗಳೊಡನೆ ಇಲಿಗಳೆಲ್ಲವೂ ಒಟ್ಟಾಗಿ ಪೀಡೆಯ ಪ್ರಾಣಿಗಳೆಂದು ಸೇರಿದ್ದುವು. ಮನೆಯ ಇಲಿಯಾವುದು, ಕಾಡಿನ ಇಲಿಯಾವುದು ಎಂಬ ಭೇದವಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಲ್ಲಿಲಿಯೇನೂ ಅಳಿವಿನ ಅಂಚಿಗೆ ಬಂದ ಪ್ರಾಣಿಯಲ್ಲ. ದಕ್ಷಿಣ ಭಾರತದ ಹಲವು ಕಡೆಗಳಲ್ಲಿ ಇನ್ನೂ ಇದೆ. ಹುಲಿಗಾಗಿ ಅತ್ತಂತೆ ಇದಕ್ಕಾಗಿ ಅಳಬೇಕಾಗಿಲ್ಲ.

ಆದರೆ ಅದು ಕಾಲಿಟ್ಟಿರುವ ನೆಲದ ಸ್ಥಿತಿ ಬೇರೆ. ಕಾಡನ್ನು ಕಡಿದರೆ ಕೇಳುವವರುಂಟು. ಕೆರೆಯನ್ನು ಮುಚ್ಚಿದರೆ ಊರು ಸೇರುತ್ತದೆ. ಕೆಂಪು ಗರಸಿನ ಪಡನೆಲವನ್ನು ಸಮತಟ್ಟು ಮಾಡಿದರೆ ‘ಉಪಯೋಗವಿಲ್ಲದ ಜಾಗ ಉಪಯೋಗಕ್ಕೆ ಬಂತು’ ಎಂದು ಎಲ್ಲರೂ ಸಂತೋಷಪಡುತ್ತಾರೆ. ನಿವೇಶನಕ್ಕೂ ಅದೇ ನೆಲ, ಗರಸು ಅಗೆಯುವುದಕ್ಕೂ ಅದೇ ನೆಲ, ಕಾರ್ಖಾನೆಗೂ ಅದೇ ನೆಲ. ಕೈಗಾರಿಕೆ ಬೇಡವೆಂದು ಯಾರೂ ಹೇಳಲಾರರು. ಎಷ್ಟೋ ಸಂಸಾರಗಳ ಅನ್ನ ಅದರಲ್ಲಿದೆ. ಕಟ್ಟುವ ಮೊದಲು ಅಲ್ಲಿ ಯಾರು ವಾಸವಾಗಿದ್ದಾರೆಂದು ಒಮ್ಮೆ ಬಗ್ಗಿ ನೋಡಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಹೀಗೆ ನೋಡುವ ರೂಢಿ ಜಿಲ್ಲೆಯಲ್ಲಿಯೇ ಆರಂಭವಾಗಿದೆಯೆಂಬುದು ಸಮಾಧಾನದ ಸಂಗತಿ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಬಯಲನ್ನು ರಾಜ್ಯ ಸರ್ಕಾರ ಈಚಿನ ವರ್ಷಗಳಲ್ಲಿ ತೋಳಗಳ ರಕ್ಷಣೆಗಾಗಿ ಎತ್ತಿಕೊಂಡಿದೆ. ದಟ್ಟಾರಣ್ಯವಲ್ಲದ ಬಯಲಿಗೂ ಬೆಲೆಯುಂಟೆಂದು ಒಪ್ಪಿದಂತಾಯಿತು. ತೋಳಕ್ಕಾಗಿ ಉಳಿಸಿದ ನೆಲ ತೋಳಕ್ಕೆ ಮಾತ್ರ ಉಳಿಯುವುದಿಲ್ಲ. ನರಿ, ಮೊಲ, ಉಡ, ಇಲಿ ಎಲ್ಲಕ್ಕೂ ಆ ಒಂದೇ ಹೆಸರಿನಲ್ಲಿ ಆಸರೆ ದೊರೆಯುತ್ತದೆ.

ಮಕ್ಕಳೊಡನೆ ಗುಡ್ಡದ ಕಡೆಗೆ ತಿರುಗಾಡಲು ಹೋಗುವ ಕುಟುಂಬಗಳು ಇಂತಹ ಹರಳಿನ ಗುಪ್ಪೆಯನ್ನು ಕಂಡರೆ ಕೆದಕದಿರುವುದು ಲೇಸು. ಕಲ್ಲೊಂದನ್ನು ಸರಿಸುವುದು ನಮಗೆ ಕ್ಷಣದ ಕೆಲಸ. ಅದನ್ನು ತಂದಿಟ್ಟ ಇಲಿಗೆ ಅದು ಒಂದು ರಾತ್ರಿಯ ದುಡಿಮೆ. ಒಂದೊಂದೇ ಹರಳನ್ನು ಹೊತ್ತು ತಂದು ಮನೆ ಕಟ್ಟುವ ಕಷ್ಟವೇನೆಂದು ಸಂಸಾರವಂದಿಗರಿಗೆ ಬೇರೆ ಹೇಳಬೇಕಾಗಿಲ್ಲ.